ಗುಡ್ಡದ ಚಿರತೆಗೊಂದು ಪಾರ್ಕು

ನಗರದ ಮೃಗಾಲಯದವರು ಸಫಾರಿ ಪಾರ್ಕಿಗಾಗಿ ಗುಡ್ಡ ನೋಡಲು ಬಂದಾಗ, ಮೂವತ್ತು ವರ್ಷ ಅದನ್ನು ಕಾದಿದ್ದ ವಾಚರ್ ಜಡೆಯಪ್ಪನ ಎದೆ ಧಸಕ್ಕೆಂದಿತು. ಹೇಗಾದರೂ ಇದನ್ನು ತಪ್ಪಿಸಬೇಕೆಂದು ಮೃಗಾಲಯದ ನಿರ್ದೇಶಕರನ್ನು ಹಳ್ಳದ ಬಳಿಗೆ ಕರೆದೊಯ್ದು, ಹಸಿಮಣ್ಣಿನಲ್ಲಿ ಮೂಡಿದ್ದ ಹೆಜ್ಜೆ ತೋರಿಸಿದ.

"ಚಿರತೆ ಸಾರ್. ಎರಡು ಮರಿನೂ ಅವೆ. ಗುಡ್ಡದ ತುಂಬಾ ಅವುಗಳದೇ ಓಡಾಟ."

ನಿರ್ದೇಶಕರ ಮುಖ ಬಿಳಿಚಿಕೊಂಡಿತು. ಜಡೆಯಪ್ಪನಿಗೆ ಜೀವ ಬಂದಂತಾಯಿತು.

"ಹಂಗಾರೆ ಪಾರ್ಕ್ ಕೈ ಬಿಟ್ಟಂಗೇ ಅಲ್ವಾ ಸಾರ್?"

"ಯಾಕಯ್ಯಾ ಬಿಡೋದು? ನಾಳೆನೇ ಮೂರನ್ನೂ ಹಿಡಿಸಿ ಮೃಗಾಲಯದ ಬೋನಿಗೆ ಹಾಕ್ಸೋಣ."

"ಆಮೇಲೆ ಸಾರ್?"

"ಆಮೇಲೇನು, ಪಾರ್ಕ್ ರೆಡಿಯಾದ್ಮೇಲೆ ತಂದು ಇಲ್ಲೇ ಬಿಡೋಣ. ಪಾಪ, ಅವೂ ಒಂದಿಷ್ಟು ಸ್ವತಂತ್ರವಾಗಿ ಓಡಾಡ್ಲಿ."