ಗೈಡಿನಲ್ಲಿ ಇಲ್ಲದ ವಾಕ್ಯ

ಮೊನ್ನೆ ತಮ್ಮನ ಮಗಳ ಹೊಸ ಇಂಗ್ಲಿಷ್ ಗೈಡ್ ತೆರೆದಾಗ ಬಂದ ಅಂಟಿನ ವಾಸನೆಗೆ ಯಲ್ಲಾಪುರದ ಏಳನೇ ಕ್ಲಾಸಿನ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂತು.

ಸರ್ ಬೋರ್ಡಿನ ಮೇಲೆ ‘ಗಿವ್ ಅಪ್’ ಎಂದು ಬರೆದು, ಬಿಟ್ಟುಬಿಡುವುದು ಎಂದು ಅರ್ಥ ಹೇಳಿ, ಸ್ವಂತ ವಾಕ್ಯ ಬರೆಯಲು ಹೇಳಿದ್ದರು. ನಮ್ಮಲ್ಲಿ ಸ್ವಂತ ವಾಕ್ಯವೆಂದರೆ ಗೈಡಿನಲ್ಲಿದ್ದದ್ದು. ಹಾಗಾಗಿ ಇಡೀ ಕ್ಲಾಸಿನ ಅಪ್ಪಂದಿರು ಆ ದಿನ ಸಿಗರೇಟು ಬಿಟ್ಟರು: ‘ಮೈ ಫಾದರ್ ಗೇವ್ ಅಪ್ ಸ್ಮೋಕಿಂಗ್.’ ನನ್ನ ಪುಟ ಮಾತ್ರ ಖಾಲಿಯಿತ್ತು.

“ಎಂತಕ್ಕೆ ಬರೀಲಿಲ್ಲ?”

“ನಮ್ಮಪ್ಪ ಸಿಗರೇಟು ಮುಟ್ಟಿದವ್ರೇ ಅಲ್ಲ ಸರ್.”

“ಮೊದ್ಲು ಸೇದೂಕೆ ಹೇಳೇ, ಆಮೇಲೆ ಬಿಡ್ಲಿ!” ಎಂದಳು ಹಿಂದಿನ ಬೆಂಚಿನ ಸುನಂದಾ. ಎಲ್ಲರೂ ನಕ್ಕು, ತಟ್ಟನೆ ಸುಮ್ಮನಾದರು. ಲಾರಿ ಓಡಿಸುತ್ತಿದ್ದ ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು.

ಸರ್ ದನಿ ತಗ್ಗಿಸಿದರು. “ಹಂಗಾದ್ರೆ ಬೇರೆ ಬರಿ. ಬರೀದೆ ಮನೆಗೆ ಹೋಗೂದಿಲ್ಲ.”

ಗಂಟೆ ಹೊಡೆದು ಎಲ್ಲರೂ ಹೋದರು. ಹಿಂದಿನ ದಿನವಷ್ಟೇ ದೊಡ್ಡಪ್ಪ ಬಂದು, “ಗಂಡ ಸತ್ತ ಹೆಂಗ್ಸು ಪೇಟೆಯವ್ರ ಬಟ್ಟೆ ಹೊಲಿಯೂದು ಬಿಡ್ಬೇಕು,” ಎಂದಿದ್ದರು. ಅಮ್ಮ ಸೂಜಿಗೆ ದಾರ ಪೋಣಿಸಿ ಮಷಿನ್ ತುಳಿದಿದ್ದಳು, ದೊಡ್ಡಪ್ಪನ ಮಾತು ಅವರಿಗೇ ಕೇಳಿಸದಷ್ಟು ಜೋರಾಗಿ.

ಬರೆದೆ: ‘ಮೈ ಮದರ್ ಡಿಡ್ ನಾಟ್ ಗಿವ್ ಅಪ್ ಸ್ಟಿಚಿಂಗ್.’

ಸರ್ ನನ್ನ ನೋಟು ಪಟ್ಟಿಗೆ ಬಗ್ಗಿ ಎರಡು ಸಲ ಓದಿದರು. ದೊಡ್ಡಪ್ಪನ ತಕರಾರು ಊರಿಗೆಲ್ಲ ಗೊತ್ತಿತ್ತು. “ಈಗ ಈ ಪಟ್ಟಿಗೆ ಮನೆಯಿಂದ ಸಹಿ ಹಾಕೂದು ನಿನ್ನ ದೊಡ್ಡಪ್ಪ ಅಲ್ವೇನೇ? ಸುಮ್ನೆ ಯಾಕೆ ರಗಳೆ, ಅಳಿಸ್ಬಿಡು.”

“ಪೆನ್ನಲ್ಲಿ ಬರ್ದಿದ್ದು ಸರ್,” ಎಂದು ಪಟ್ಟಿ ಎದೆಗವಚಿಕೊಂಡೆ. “ಸಹಿ ಇನ್ಮೇಲೆ ಅಮ್ಮಂದೇ.”