ಸಾಹೇಬರ ಗಡುವು

ಇವತ್ತು ಆ ಸಾಹೇಬನ ಗ್ರಹಚಾರ ಬಿಡಿಸಿಯೇ ತೀರಬೇಕೆಂದು ಅತ್ತೆ ಹೆಣಿಗೆ ಕಡ್ಡಿಗಳನ್ನು ಪಕ್ಕಕ್ಕೆ ಎಸೆದರು. ಹಿಂದಿನ ಕೋಣೆಯ ಮುಚ್ಚಿದ ಬಾಗಿಲ ಆಚೆ ಸೊಸೆಯ ದನಿ ಕೇಳುತ್ತಿತ್ತು.

"ಆಯ್ತು ಸಾರ್. ಇಲ್ಲ ಸಾರ್, ಬೇರೆ ಕೆಲಸ ಮುಟ್ಟಲ್ಲ. ಶನಿವಾರ ಮಧ್ಯಾಹ್ನದೊಳಗೆ ಮುಗಿಸ್ತೀನಿ ಸಾರ್."

ರಿಸೀವರ್ ಇಟ್ಟ ಸದ್ದು. ಹಿಂದೆಯೇ ಹೊಲಿಗೆ ಯಂತ್ರದ ಗಡಗಡ.

ಹಜಾರದಲ್ಲಿ ಮಗಳು ಪರದೆ ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಮುಖ ಊದಿಸಿ ಕೂತಿದ್ದಳು. ನಾಳೆ ಅವಳ ಮನೆಗೆ ನೆಂಟರು ಬರುವವರಿದ್ದರು.

"ಅಂಚು ಮಡಿಸಿ ಹೊಲಿದ್ರೆ ಮುಗೀತು. ಅತ್ತಿಗೆಗೆ ಐದು ನಿಮಿಷದ ಕೆಲಸ. ನಾನು ಗೇಟು ತೆಗೆಯೋ ಹೊತ್ತಿಗೇ ಅವನ ಫೋನು ಬರಬೇಕಾ?"

"ಅವನ ಬುದ್ಧಿಯೇ ಅಷ್ಟು," ಎಂದರು ಅತ್ತೆ. ಪಕ್ಕದ ಮನೆಯಾಕೆ ಹರಿದ ಚೀಲ ತಂದಾಗಲೂ ಹೀಗೇ ಆಗಿತ್ತು. ಮಗನ ಗೆಳೆಯ ಉದ್ದ ಕಡಿಮೆ ಮಾಡಿಸಲು ಪ್ಯಾಂಟು ಹಿಡಿದು ನಿಂತಾಗಲೂ ಅಷ್ಟೇ.

ಮೊದಲು ಈ ಮನೆಯಲ್ಲಿ ಇಂಥ ರಗಳೆ ಇರಲಿಲ್ಲ. ಸೊಸೆಯ ಯಂತ್ರವೆಂದರೆ ಊರವರ ಯಂತ್ರ. ತಾನೇ ಕತ್ತರಿಸಿ ಹೊಸ ಮಾದರಿಯ ಮಕ್ಕಳ ಕೋಟು ಹೊಲಿಯುತ್ತೇನೆ, ತಿಂಗಳೊಳಗೆ ಮುಗಿಸಿ ಅಂಗಡಿಗೆ ತೋರಿಸುತ್ತೇನೆ ಎಂದು ಅವಳು ಒಮ್ಮೆ ಹೇಳಿದ್ದುಂಟು. "ನೀನೇ ಹಾಕ್ಕೊಂಡ ಗಡುವು ತಾನೆ, ನೀನೇ ಮುಂದಕ್ಕೆ ಹಾಕಿದ್ರಾಯ್ತು," ಎಂದು ಮಗ ನಕ್ಕಿದ್ದ. ಅತ್ತೆಯೂ ನಕ್ಕಿದ್ದರು. ಆ ತಿಂಗಳು ನೆಂಟರಿಷ್ಟರ ದಿಂಬಿನ ಚೀಲಗಳಲ್ಲೇ ಕಳೆದುಹೋಯಿತು.

ಆಮೇಲೆ ಎಲ್ಲಿಂದಲೋ ಈ ಸಾಹೇಬ ವಕ್ಕರಿಸಿದ. ಕೋಟುಗಳು ಅವನಿಗೇ ಬೇಕಂತೆ. ಹೇಳಿದ ಹೊತ್ತಿಗೆ ಕೊಡದಿದ್ದರೆ ಕೆಲಸ ಬೇರೆಯವರ ಪಾಲು. ಹಳೇ ಕಾಲದ ಮನುಷ್ಯ, ಮೊಬೈಲ್ ಎಂದರೆ ಆಗದು. ಹಿಂದಿನ ಕೋಣೆಯ ಹಳೆಯ ಫೋನಿಗೇ ಮಾಡುತ್ತಾನೆ, ಅವಳು ತಿರುಗಿ ಮಾಡುವುದೂ ಅದರಿಂದಲೇ. ಇಲಿ ಕಾಟಕ್ಕೆ ಹೆದರಿ ಆ ಕೋಣೆಗೆ ಬೇರೆ ಯಾರೂ ಕಾಲಿಡುತ್ತಿರಲಿಲ್ಲ. ಅತ್ತೆಯ ಮಧ್ಯಾಹ್ನದ ನಿದ್ದೆ ಕೆಡಬಾರದೆಂದು ಸೊಸೆ ಅದರ ಗಂಟೆಯನ್ನೂ ತಗ್ಗಿಸಿಟ್ಟಿದ್ದಳು.

ಮುಖ ಕಾಣದ ಮನುಷ್ಯನಿಗೆ ಇಡೀ ಮನೆ ಹೆದರಿತು. ಮಗ ತನ್ನ ಟೀ ತಾನೇ ಮಾಡಿಕೊಳ್ಳತೊಡಗಿದ, ಲೋಟವನ್ನೂ ತೊಳೆದಿಟ್ಟ. ಅತ್ತೆ ಆಯಸ್ಸಿಡೀ ಗಂಟಲು ಹರಿದುಕೊಂಡರೂ ಆಗದ ಕೆಲಸ ಅದು. ಆದರೂ ಅವರಿಗೆ ಸಾಹೇಬನ ಮೇಲೆ ಸಿಟ್ಟೇ. ಗಂಡನೆದುರೂ ದನಿ ತಗ್ಗಿಸದ ಹುಡುಗಿ ಯಾವನಿಗೋ ಸಾರ್ ಸಾರ್ ಅನ್ನುತ್ತಾಳೆ. ಊಟಕ್ಕೆ ಕರೆದರೆ ಬರುವುದಿಲ್ಲ. ಕಣ್ಣು ಕೆಂಪಗಾಗಿದೆ.

"ಅಮ್ಮ, ಅವನನ್ನ ಯಾರಾದ್ರೂ ನೋಡಿದ್ದೀರಾ?" ಮಗಳು ದನಿ ಇಳಿಸಿದಳು. "ಬಾಗಿಲು ಹಾಕ್ಕೊಂಡು ಅದೇನು ಮಾತು? ಅಣ್ಣ ಸುಮ್ನಿದ್ದಾನಲ್ಲ."

ಅತ್ತೆಗೆ ಮೈ ಉರಿದುಹೋಯಿತು. ಆ ಮಾತು ಆಡಿದ ಮಗಳ ಮೇಲೂ, ಆಡಿಸಿದ ಸಾಹೇಬನ ಮೇಲೂ. ನೆಟ್ಟಗೆ ಎದ್ದು ಹೋಗಿ ಬಾಗಿಲು ನೂಕಿದರು.

ಸೊಸೆ ದಡಬಡಿಸಿ ಎದ್ದು ಫೋನಿಗೆ ಅಡ್ಡ ನಿಂತಳು. "ಬೇಡ ಅತ್ತೆ. ಶನಿವಾರ ಮುಗಿಸೇ ಮುಗಿಸ್ತೀನಿ. ಅಲ್ಲೀವರೆಗೆ ಯಾರು ಬಂದ್ರೂ ಏಳಲ್ಲ. ನೀವು ಬೈದ್ರೂ ಏಳಲ್ಲ."

"ನಿನಗಲ್ಲ ಬಯ್ಯೋದು. ಸರಿ ಪಕ್ಕಕ್ಕೆ."

ಅತ್ತೆ ರಿಸೀವರ್ ಎತ್ತಿದರು. ಕೊನೆಯ ನಂಬರಿಗೆ ಮತ್ತೆ ಹೋಗುವ ಗುಂಡಿಯನ್ನು ಒತ್ತಿ ಕಿವಿಗೊಟ್ಟರು. ಸೊಸೆಯ ಮುಖ ಬಿಳಿಚಿಕೊಂಡಿತು.

ಗೋಡೆಯ ಗೂಟಗಳಲ್ಲಿ ಕೋಟುಗಳು ತೂಗುತ್ತಿದ್ದವು. ಅತ್ತೆ ಅವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಪುಟ್ಟ ಕೈ ಸಲೀಸಾಗಿ ಹೋಗುವ ಎತ್ತರಕ್ಕೇ ಜೇಬು. ಮಗು ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡಬಹುದಾದ ತೋಳು. ಅವುಗಳಲ್ಲಿ ಒಂದಕ್ಕೆ ಮಾತ್ರ ಇನ್ನೂ ಗುಂಡಿ ಹಾಕಿರಲಿಲ್ಲ. ಚೆನ್ನಾಗಿವೆ ಅನ್ನಿಸಿತು ಅವರಿಗೆ, ತುಂಬಾ ಚೆನ್ನಾಗಿವೆ.

"ಯಾರಪ್ಪ ನೀನು?" ಅತ್ತೆಯ ದನಿ ಹಜಾರಕ್ಕೆ ಕೇಳುವಂತೆ ಏರಿತು. "ನಾನು ಅವಳ ಅತ್ತೆ. ನಮ್ಮ ಹುಡುಗಿ ಊಟ ಬಿಟ್ಟು ಹೊಲೀತಿದ್ದಾಳೆ, ಗೊತ್ತಾ? ಅವಳೇನು ನಿನ್ನ ಆಳಾ?"

ಮಗಳು ಬಾಗಿಲ ಬಳಿ ಕತ್ತು ಚಾಚಿದಳು.

"ಏನಂದ್ರಿ?" ಅತ್ತೆ ರಿಸೀವರನ್ನು ಕಿವಿಗೆ ಒತ್ತಿಕೊಂಡರು. ಅವರ ದನಿ ಮೆತ್ತಗಾಯಿತು. "ಹಾಗಾ ಸಾರ್. ಶುಕ್ರವಾರಕ್ಕೇ ಬೇಕಾ? ಆಯ್ತು ಸಾರ್. ಯಾರನ್ನೂ ಒಳಗೆ ಬಿಡಲ್ಲ ಸಾರ್."

ರಿಸೀವರ್ ಇಟ್ಟು ಹೊರಬಂದು ಕನ್ನಡಕ ಒರೆಸಿಕೊಂಡರು. "ಬಗ್ಗೋ ಆಸಾಮಿ ಅಲ್ಲ ಅವನು. ಒಂದು ದಿನ ಹಿಂದಕ್ಕೇ ಎಳೆದ."

"ನೀನೂ ಹೆದರಿಬಿಟ್ಯಾ ಅಮ್ಮ? ನನ್ನ ಪರದೆ?"

"ನಿನಗೂ ಸೂಜಿ ಹಿಡಿಯೋಕೆ ಬರುತ್ತೆ. ಹೋಗಿ ಹೊಲ್ಕೋ."

ಮಗಳು ಗಂಟು ಎತ್ತಿಕೊಂಡು, ಗೇಟನ್ನು ದಢಾರನೆ ಎಳೆದು ಹೋದಳು. ಅತ್ತೆ ಹೆಣಿಗೆಯ ಚೀಲ ಹುಡುಕಿದರು. ಅದರಲ್ಲೊಂದು ಒಂಟಿ ತೋಳಿನ ಸ್ವೆಟರ್ ಇತ್ತು. ಮಗ ಶಾಲೆಗೆ ಹೋಗುತ್ತಿದ್ದಾಗ ಅವನಿಗೆಂದು ಶುರು ಮಾಡಿದ ಹೆಣಿಗೆ. ಈಗ ಅವನ ತಲೆಯೇ ಬೋಳಾಗುತ್ತ ಬಂದಿದೆ. ಇವರು ಕಡ್ಡಿ ಹಿಡಿದು ಕೂತಾಗಲೆಲ್ಲ ಯಾರೋ ಒಬ್ಬರು ಕರೆದಿದ್ದರು, ಇವರು ಎದ್ದಿದ್ದರು.

ಚೀಲ ಹಿಡಿದು ಹಿಂದಿನ ಕೋಣೆಗೆ ಹೋಗಿ ಅಗುಳಿ ಹಾಕಿದರು. ಸೊಸೆ ನಿಂತಲ್ಲೇ ನಿಂತಿದ್ದಳು.

"ಅತ್ತೆ, ನಾನು..."

"ಕೂತ್ಕೋ. ಶುಕ್ರವಾರ ಅಂದ್ರೆ ಶುಕ್ರವಾರ." ಅತ್ತೆ ಬಗ್ಗಿ, ಫೋನಿನಿಂದ ಇಳಿದು ಎಲ್ಲಿಗೂ ಸೇರದೆ ಬಿದ್ದಿದ್ದ, ಎಂದೋ ಇಲಿ ಕಡಿದ ವೈರಿನ ತುದಿಯನ್ನು ಟ್ರಂಕಿನ ಹಿಂದಕ್ಕೆ ತಳ್ಳಿದರು. "ಇದು ನಿನ್ನ ಗಂಡನ ಕಣ್ಣಿಗೆ ಬಿದ್ದ ದಿನ ಸಾಹೇಬ ಸತ್ತ ಅಂತಲೇ ತಿಳ್ಕೋ. ಅಷ್ಟರೊಳಗೆ ನನ್ನ ಸ್ವೆಟರ್‌ಗೂ ಒಂದು ಗಡುವು ಕೊಡೋಕೆ ಹೇಳು ಅವನಿಗೆ."