ಬಾನೆಟ್ ತಿಕ್ಕಿದ್ದು ಯಾರು?

ಆಯುಧಪೂಜೆಯ ಹಿಂದಿನ ದಿನ... ತುಮಕೂರಿನ ಒಂದು ಬಡಾವಣೆ.

ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುವ ಪಂಚಾಕ್ಷರಿ ಪಂಚೆ ಎತ್ತಿ ಕಟ್ಟಿ, ತನ್ನ ಕಡುನೀಲಿ ಕಾರಿನ ಮುಂದೆ ನಿಂತಿದ್ದ.

ಹೊಂಗೆ ಮರದ ಕೆಳಗೆ ನಿಲ್ಲಿಸುವ ಕಾರು. ಬಾನೆಟ್ ತುಂಬ ಹಕ್ಕಿ ಹಿಕ್ಕೆಯ ಕಲೆ. ನೀರಿಗೂ ಜಗ್ಗಲಿಲ್ಲ, ಶಾಂಪೂಗೂ ಜಗ್ಗಲಿಲ್ಲ.

ಹಬ್ಬಕ್ಕೆ ವಾಟರ್ ಸರ್ವಿಸ್‌ಗೆ ಕೊಟ್ಟು ಪಾಲಿಶ್ ಮಾಡಿಸಿ ಎಂದು ಹೆಂಡತಿ ಸರ್ವಮಂಗಳಾ ಹೇಳುತ್ತಲೇ ಇದ್ದಳು. ನನ್ನ ಕಾರು ತೊಳೆಯೋಕೆ ನನಗೆ ಬರಲ್ವೇನೇ ಎಂದು ಇವನು ನಕ್ಕಿದ್ದ.

ಹಿತ್ತಲಲ್ಲಿ ಮನೆಗೆಲಸದ ಸಿದ್ದಗಂಗಮ್ಮ ದೇವರ ಸಾಮಾನು ಬೆಳಗುತ್ತಿದ್ದಳು. ಕಪ್ಪಗಾಗಿದ್ದ ಹಿತ್ತಾಳೆ ದೀಪಗಳು ಪುಡಿ ಹಾಕಿ ತಿಕ್ಕಿದ್ದೇ ತಡ, ಥಳಥಳ ಹೊಳೆಯುತ್ತಿದ್ದವು.

ಅದು ಪಂಚಾಕ್ಷರಿಯ ಕಣ್ಣಿಗೆ ಬಿತ್ತು...

ಆ ಪುಡಿ, ನಾರು ಎರಡೂ ಕೊಡಮ್ಮ ಇಲ್ಲಿ ಎಂದು ಈಸಿಕೊಂಡು ಹೋದ.

ಸುಡುವ ಬಿಸಿಲು. ಕಾದ ಬಾನೆಟ್. ತಿಕ್ಕಿದ... ಇನ್ನೂ ಬಿಗಿಯಾಗಿ ತಿಕ್ಕಿದ... ಕಲೆ ಹೋಯಿತು. ಖುಷಿಯಾಗಿ ಇಡೀ ಬಾನೆಟ್ಟಿಗೆ ಅದೇ ಪುಡಿ ಎರಚಿ ಉಜ್ಜಿದ.

ನೀರು ಸುರಿದಾಗ ಎಲ್ಲಾ ಚೆನ್ನಾಗಿಯೇ ಕಂಡಿತು. ನೀರು ಆರಿತು ನೋಡಿ...

ಕನ್ನಡಿಯಂತಿದ್ದ ನೀಲಿಗೆ ಮಂಕು ಬಡಿದಿತ್ತು. ಸುತ್ತು ಸುತ್ತು ಗೀರು. ಒಂದು ಕಡೆಯಂತೂ ಬಣ್ಣವೇ ಎದ್ದು ಒಳಗಿನ ಬೂದು ಪ್ರೈಮರ್ ಹಲ್ಲು ಕಿರಿಯುತ್ತಿತ್ತು.

ಅಷ್ಟರಲ್ಲಿ ಸರ್ವಮಂಗಳಾ ಹೊರಗೆ ಬಂದಳು. ಅವಳ ದನಿಗೆ ಎದುರು ಮನೆಯ ರಿಟೈರ್ಡ್ ಇಂಜಿನಿಯರ್ ಗುರುಸಿದ್ದಪ್ಪ ಬಂದ, ಪಕ್ಕದ ಮನೆಯವರೂ ಬಂದರು. ಯಾರು ಮಾಡಿದ್ದು ಇದನ್ನ ಎಂದು ಎಲ್ಲರದೂ ಒಂದೇ ಪ್ರಶ್ನೆ.

ನಾನೇ ಕಣೇ, ದಡ್ಡತನ ಮಾಡಿಬಿಟ್ಟೆ... ಇಷ್ಟು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೆಂಡತಿ ಬೈಯುತ್ತಿದ್ದಳು, ಬೀದಿಯವರು ನಗುತ್ತಿದ್ದರು, ಅಷ್ಟೇ.

ಆದರೆ ಪಂಚಾಕ್ಷರಿ ಹೇಳಿದ್ದೇ ಬೇರೆ.

"ಸಿದ್ದಗಂಗಮ್ಮ. ಕಾರು ಒರೆಸು ಅಂದ್ರೆ ಪಾತ್ರೆ ಪುಡಿ ಹಾಕಿ ತಿಕ್ಕಿಟ್ಟಿದಾಳೆ."

ಯಾರೂ ಮರುಪ್ರಶ್ನೆ ಕೇಳಲಿಲ್ಲ. ಯಾಕೆ ಕೇಳುತ್ತಾರೆ? ಪಾತ್ರೆಯ ಪುಡಿ, ಪಾತ್ರೆ ತಿಕ್ಕುವವಳು... ಓದಿದವನೊಬ್ಬ ಇಂಥ ದಡ್ಡ ಕೆಲಸ ಮಾಡಿದನೆಂದು ನಂಬುವುದಕ್ಕಿಂತ ಅದು ಎಷ್ಟೋ ಸುಲಭ.

ಸಿದ್ದಗಂಗಮ್ಮ ಒದ್ದೆ ಕೈಯಲ್ಲೇ ಓಡಿಬಂದು "ನಾನಲ್ಲ ಅಕ್ಕ" ಅಂದಳು. ಅಷ್ಟೇ ಅಂದಳು. ಮಾಡೋದು ಮಾಡಿ ಸುಳ್ಳು ಬೇರೆ ಹೇಳ್ತಾಳೆ ಎಂದು ಗುರುಸಿದ್ದಪ್ಪ ಉರಿಯುವ ಬೆಂಕಿಗೆ ತುಪ್ಪ ಸುರಿದ. ನಾಳೆಯಿಂದ ಬರಬೇಡ ಎಂದಳು ಸರ್ವಮಂಗಳಾ.

ಮರುದಿನ ಆ ಮನೆಯಲ್ಲಿ ಸುತ್ತಿಗೆಗೆ, ಮಿಕ್ಸಿಗೆ, ಈಳಿಗೆಮಣೆಗೆ ಎಲ್ಲದಕ್ಕೂ ಕುಂಕುಮ ಬಿತ್ತು. ಆ ಮನೆಯನ್ನು ವರ್ಷಗಟ್ಟಲೆ ತೊಳೆದ ಕೈಗಳು ಮಾತ್ರ ಗೇಟಿನ ಹೊರಗಿದ್ದವು.

ಹಬ್ಬ ಮುಗಿಯಿತು. ಕಾರು ಪೇಂಟಿಂಗ್ ಗ್ಯಾರೇಜಿಗೆ ಹೋಯಿತು.

ಯಾರು ಸಾರ್ ಹಿಂಗೆ ಉಜ್ಜಿದ್ದು ಎಂದು ಪೇಂಟರ್ ಕೇಳಿದ. ಕೆಲಸದವಳು ಎಂದ ಪಂಚಾಕ್ಷರಿ. ಈ ಸಲ ನಾಲಿಗೆ ತಡವರಿಸಲೂ ಇಲ್ಲ. ಅವರಿಗೆಲ್ಲ ಎಷ್ಟು ಹೇಳಿದ್ರೂ ಅಷ್ಟೇ ಸಾರ್ ಎಂದು ಪೇಂಟರೂ ತಲೆಯಾಡಿಸಿದ.

ಬಾನೆಟ್ ಪೂರ್ತಿ ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಹೊಂದಿಸಿ, ಮೇಲೆ ಹೊಳಪಿಗೆ ಲ್ಯಾಕರ್ ಕೊಟ್ಟ. ಕಾರು ಆಗಷ್ಟೇ ಶೋರೂಮಿನಿಂದ ಇಳಿದ ಹಾಗಾಯಿತು.

ಮನೆಯಲ್ಲಿ ಮಾತ್ರ ಸಿಂಕಿನ ತುಂಬ ಪಾತ್ರೆ. ಹೊಸಬರು ಯಾರೂ ಸಿಗಲಿಲ್ಲ. ಹೋಗಿ ಅವಳನ್ನೇ ಕರ್ಕೊಂಡು ಬನ್ನಿ, ನಾನು ಕ್ಷಮಿಸಿದ್ದೀನಿ ಅಂತ ಹೇಳಿ ಎಂದಳು ಸರ್ವಮಂಗಳಾ.

ಕ್ಷಮಿಸಿದ್ದಾಳಂತೆ...

ಹಬ್ಬಕ್ಕೆಂದು ಅವಳಿಗೆ ತಂದು ಕೊಡದೆ ಉಳಿದಿದ್ದ ಸೀರೆ ಹಿಡಿದು ಪಂಚಾಕ್ಷರಿ ಅವಳ ಕಾಲೋನಿಗೆ ಹೋದ.

ಸಿದ್ದಗಂಗಮ್ಮ ಹೊಸಿಲಲ್ಲಿ ಕೂತು ಬೀಡಿ ಎಲೆ ಕತ್ತರಿಸುತ್ತಿದ್ದಳು. ಗುರುಸಿದ್ದಪ್ಪನ ಮನೆಯಿಂದ ಹಿಡಿದು ಆ ಬೀದಿಯ ಮನೆಗಳೆಲ್ಲಾ ಅವಳನ್ನು ಕೆಲಸದಿಂದ ಬಿಡಿಸಿದ್ದವು. ಸುಳ್ಳು ಹೇಳುವವಳನ್ನು ಯಾರು ತಾನೇ ಒಳಗೆ ಬಿಟ್ಟುಕೊಳ್ಳುತ್ತಾರೆ?

ಇವನನ್ನು ನೋಡಿ ಅವಳ ಕಣ್ಣಲ್ಲಿ ನೀರು ತುಂಬಿತು. ಕರಗಿದಳು ಅಂದುಕೊಂಡ...

"ಅವತ್ತು ಅಕ್ಕಾರು ಬೈಯೋವಾಗ ನಾನು ನಿಮ್ಮ ಮುಖಾನೇ ನೋಡ್ತಿದ್ದೆ ಸಾರ್. ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ. ನೀವು ಕಾರು ನೋಡ್ತಿದ್ರಿ."

ನೀನೇ ಹೇಳಬಹುದಿತ್ತಲ್ಲ ಎಂದು ಗೊಣಗಿದ.

"ಯಾರು ನಂಬ್ತಿದ್ರು? ಸಾರ್ ಮೇಲೇ ಹಾಕ್ತಾಳೆ ಅಂತ ಇನ್ನೊಂದು ಮಾತು ಕೇಳಬೇಕಿತ್ತು, ಅಷ್ಟೆ."

ಅದೆಲ್ಲಾ ಈಗ ಯಾಕಮ್ಮ, ಕಾರು ಸರಿಹೋಯ್ತಲ್ಲ ಎನ್ನುತ್ತಾ ಸೀರೆ ಮುಂದೆ ಹಿಡಿದ.

ಅವಳು ಮುಟ್ಟಲಿಲ್ಲ.

"ಸೀರೆ ಬ್ಯಾಡ. ಕೆಲಸಕ್ಕೆ ಬತ್ತೀನಿ. ಅದಕ್ಕೆ ಮುಂಚೆ ಅವತ್ತು ಇದ್ದೋರೆಲ್ಲಾರ್ ಎದುರಿಗೆ ನಿಂತ್ಕಂಡು, ತಿಕ್ಕಿದ್ದು ನಾನೇ ಅಂತ ಹೇಳಿ. ಅಷ್ಟು ಸಾಕು."

ಪಂಚಾಕ್ಷರಿ ಸೀರೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡ. ಕಾರು ಹತ್ತಿದ.

ದಾರಿಯುದ್ದಕ್ಕೂ ಹೇಳಿಬಿಡೋಣ ಅಂದುಕೊಂಡ. ನಿಜವಾಗಿಯೂ ಅಂದುಕೊಂಡ...

ಬೀದಿಯಲ್ಲೇ ಗುರುಸಿದ್ದಪ್ಪ ಎದುರಾಗಿ, ಏನ್ ಮೇಷ್ಟ್ರೇ, ಒಬ್ರೇ ಬಂದ್ರಿ ಎಂದ. ಸರ್ವಮಂಗಳಾ ಬಾಗಿಲಿಗೆ ಬಂದಳು. ಪಕ್ಕದ ಮನೆಯವರೂ ಇಣುಕಿದರು.

ಅವತ್ತು ಇದ್ದವರೆಲ್ಲಾ ಇದ್ದರು. ಒಂದೇ ಒಂದು ಮಾತು ಬೇಕಿತ್ತು...

"ಮನೆ ಬಾಗಿಲಿಗೆ ಹೋಗಿ ಕರೆದ್ರೂ ಬರಲ್ಲ ಅಂತಾಳೆ ಸಾರ್" ಎಂದ ಪಂಚಾಕ್ಷರಿ. "ಅಷ್ಟು ಕೊಬ್ಬು ಅವಳಿಗೆ."

ಬಣ್ಣ ಹೋದ ಕಾರಿಗೆ ಬಣ್ಣ ಹಚ್ಚಲು ಊರಿಗೊಂದು ಗ್ಯಾರೇಜ್ ಇದೆ... ನಾವು ಕೆಡಿಸಿದ ಇನ್ನೊಬ್ಬರ ಹೆಸರನ್ನು ಸರಿಮಾಡಬೇಕಾದವರು ನಾವೇ.

ನಿಮ್ಮ ಮನೆಯಲ್ಲಿ ಕೊನೆಯ ಸಲ ಏನೋ ಒಡೆದಾಗ, ಏನೋ ಕಾಣೆಯಾದಾಗ, ನಿಮ್ಮ ಬಾಯಿಗೆ ಮೊದಲು ಬಂದ ಹೆಸರು ಯಾರದು?